ಎಲ್ಲರಿಗೂ ತೆರೆದ ಪಾಠಗಳು

1999-2000ರ ಸುಮಾರಿಗೆ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಅಂತರಜಾಲದಲ್ಲಿ ಪಾಠ ಮಾರಿ ಹಣ ಗಳಿಸುವ ಲೆಕ್ಕಾಚಾರದಲ್ಲಿದ್ದವು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯೂ (ಎಂ.ಐ.ಟಿ.) ಇದನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿತು. ಸಮಿತಿಯ ಸಲಹೆ ಮಾತ್ರ ತದ್ವಿರುದ್ಧವಾಗಿತ್ತು: ಮಾರುವುದು ಬೇಡ, ಉಚಿತವಾಗಿ ಕೊಟ್ಟುಬಿಡೋಣ! 2001ರ ಏಪ್ರಿಲ್‌ನಲ್ಲಿ ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ 'ಓಪನ್ ಕೋರ್ಸ್‌ವೇರ್' ಯೋಜನೆಯನ್ನು ಪ್ರಕಟಿಸಿದರು. 2002ರಲ್ಲಿ 50 ಪಾಠಕ್ರಮಗಳೊಂದಿಗೆ ಆರಂಭವಾದ ಅದು 2007ರ ವೇಳೆಗೆ 1800ಕ್ಕೆ ಏರಿತು.

ಇಲ್ಲಿ ಪದವಿ ಸಿಗುವುದಿಲ್ಲ. ಸಂದೇಹ ಕೇಳಲು ಅಧ್ಯಾಪಕರೂ ಸಿಗುವುದಿಲ್ಲ. ಸಿಗುವುದು ಪಾಠದ ಟಿಪ್ಪಣಿ, ಅಭ್ಯಾಸದ ಲೆಕ್ಕಗಳು, ಪರೀಕ್ಷೆಯ ಪ್ರಶ್ನೆಗಳು, ಕೆಲವೆಡೆ ಉಪನ್ಯಾಸಗಳ ವಿಡಿಯೊ. ಎಲ್ಲರೂ ವಿಡಿಯೊಗಳನ್ನೇ ಹೊಗಳುತ್ತಾರೆ. ಭೌತವಿಜ್ಞಾನದ ಮಟ್ಟಿಗೆ ನಾನು ಹೆಚ್ಚು ಬೆಲೆ ಕಟ್ಟುವುದು ಲೆಕ್ಕಗಳಿಗೆ. ಸೂತ್ರ ನೆನಪಿದ್ದ ಮಾತ್ರಕ್ಕೆ ಅವು ಬಿಡುವುದಿಲ್ಲ. ಮೊದಲು ಬಲಗಳ ಚಿತ್ರ ಬರೆಯಬೇಕು, ಯಾವುದನ್ನು ಉಪೇಕ್ಷಿಸಬಹುದೆಂದು ನಿರ್ಧರಿಸಬೇಕು. ಬಿಡಿಸಿದ ಉತ್ತರವಿದ್ದರೆ ತಾನು ಎಡವಿದ್ದು ಯಾವ ಹಂತದಲ್ಲಿ ಎಂಬುದು ವಿದ್ಯಾರ್ಥಿಗೇ ತಿಳಿಯುತ್ತದೆ.

ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ಆರಂಭದ ವೆಚ್ಚವನ್ನು ಹ್ಯೂಲೆಟ್ ಮತ್ತು ಮೆಲನ್ ಪ್ರತಿಷ್ಠಾನಗಳು ಭರಿಸಿದವು. ಹಣ ಹೋಗುವುದೆಲ್ಲಿಗೆ? ಅದರ ಒಂದು ಭಾಗ ಕೃತಿಸ್ವಾಮ್ಯದ ಕೆಲಸಕ್ಕೆ. ನ್ಯೂಟನ್ನನ ನಿಯಮಕ್ಕೆ ಒಡೆಯರಿಲ್ಲ; ಆದರೆ ಪುಸ್ತಕವೊಂದು ಅದನ್ನು ವಿವರಿಸಲು ಬಳಸಿದ ಚಿತ್ರಕ್ಕೆ, ವಾಕ್ಯಗಳಿಗೆ ಇದ್ದಾರೆ. ತರಗತಿಯೊಳಗೆ ಆ ಚಿತ್ರ ತೋರಿಸುವುದು ಬೇರೆ, ಜಗತ್ತಿಗೆಲ್ಲ ಪ್ರಕಟಿಸುವುದು ಬೇರೆ. ಹಾಗಾಗಿ ಇಂಥ ಚಿತ್ರಕ್ಕೆ ಸಾಮಾನ್ಯವಾಗಿ ಅನುಮತಿ ಪಡೆಯಬೇಕು, ಇಲ್ಲವೇ ಹೊಸದಾಗಿ ಬರೆಸಬೇಕು, ಅದೂ ಆಗದಿದ್ದರೆ ತೆಗೆದುಹಾಕಬೇಕು. ಕೆಲವು ಟಿಪ್ಪಣಿಗಳಲ್ಲಿ ಚಿತ್ರವಿರಬೇಕಾದಲ್ಲಿ ಖಾಲಿ ಜಾಗ ಕಾಣುವುದಕ್ಕೆ ಇದೇ ಕಾರಣ.

ನಮ್ಮಲ್ಲೂ ಏಳು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ 'ಎನ್.ಪಿ.ಟಿ.ಇ.ಎಲ್.' ಆರಂಭಿಸಿದವು. ಅದರ ಉಪನ್ಯಾಸಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿಗೆ ಬಾಗಿಲು ಅರ್ಧ ಮಾತ್ರ ತೆರೆದಂತೆ.

ಇನ್ನರ್ಧವನ್ನು ಅಧ್ಯಾಪಕರೇ ತೆರೆಯಬಹುದು. ಎಂ.ಐ.ಟಿ. ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅನುವಾದಕ್ಕೆ ಅವಕಾಶ ಕೊಡುತ್ತದೆ. ಷರತ್ತು ಮೂರು: ಮೂಲವನ್ನು ಹೆಸರಿಸಬೇಕು, ವ್ಯಾಪಾರಕ್ಕೆ ಬಳಸಬಾರದು (ನೋಟ್ಸ್ ಮಾರುವವರು ಗಮನಿಸಿ!), ಅನುವಾದವನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ಅನುವಾದಕ್ಕೆ ಕೂರುವ ಮುನ್ನ ಪ್ರತಿ ಚಿತ್ರದ ಕೆಳಗಿನ ಸಾಲನ್ನು ಓದಿ. ಪರವಾನಗಿಗೆ ಒಳಪಡದ ಚಿತ್ರವಾದರೆ ಅಲ್ಲಿ ಹಾಗೆಂದು ಬರೆದಿರುತ್ತದೆ. ಅಂಥದ್ದನ್ನು ಬಿಟ್ಟು ನೀವೇ ಒಂದು ಚಿತ್ರ ಬರೆಯಿರಿ.