ಮುಖ ಬದಲಾದ ಆ ಸಂಜೆ

ನಾಟಕದ ನಾಯಕನೇ ಹಾಸಿಗೆ ಹಿಡಿದರೆ ಆಟದ ಗತಿಯೇನು? ತೆರೆ ಎಳೆದುಬಿಡುವುದು ಲೋಕರೂಢಿ. ಇಲ್ಲವೇ ಅದೇ ವೇಷವನ್ನು ಮತ್ತೊಬ್ಬನಿಗೆ ತೊಡಿಸಿ, ಪ್ರೇಕ್ಷಕರು ಗಮನಿಸಲಾರರೆಂದು ನಂಬಿ ಮುಂದುವರಿಯುವುದು. 1966ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ಈ ಎರಡು ಹಾದಿಗಳನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿದರು.

‘ಡಾಕ್ಟರ್ ಹೂ’ ಟೆಲಿವಿಷನ್ ಧಾರಾವಾಹಿ ಮೊದಲಾದದ್ದು 1963ರ ನವೆಂಬರ್ 23ರಂದು. ಹೊರಗೆ ಪೊಲೀಸರ ನೀಲಿ ಪೆಟ್ಟಿಗೆಯಂತೆ ತೋರುವ, ಒಳಹೊಕ್ಕರೆ ಬಹು ವಿಶಾಲವಾದ ಯಂತ್ರವೊಂದನ್ನೇರಿ ಕಾಲದೇಶಗಳನ್ನು ದಾಟುವ ವೃದ್ಧನ ಕಥೆಯದು. ಅದರ ಪ್ರಥಮ ಸಂಚಿಕೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನರು ನಮ್ಮ ಲಖನೌದಲ್ಲಿ ಜನಿಸಿದವರೆಂಬುದು ಅಭಿಮಾನದ ಸಂಗತಿ. ವೃದ್ಧನ ಪಾತ್ರ ವಹಿಸಿದವರು ವಿಲಿಯಂ ಹಾರ್ಟ್‌ನೆಲ್.

ಮೂರು ವರ್ಷಗಳಲ್ಲಿ ಹಾರ್ಟ್‌ನೆಲ್ ಮಕ್ಕಳ ಕಣ್ಮಣಿಯಾದರು. ಆದರೆ ದೇಹ ಸಹಕರಿಸಲಿಲ್ಲ. ರಕ್ತನಾಳಗಳು ಗಡುಸಾಗುವ ವ್ಯಾಧಿ ಅವರನ್ನು ಹಿಡಿದಿತ್ತು. ಮಾತುಗಳು ನೆನಪಿನಿಂದ ಜಾರತೊಡಗಿದವು. 1966ರ ಅಕ್ಟೋಬರಿನಲ್ಲಿ ನಾಲ್ಕು ವಾರ ಪ್ರಸಾರವಾದ ‘ದಿ ಟೆಂತ್ ಪ್ಲಾನೆಟ್’, ಎಂದರೆ ಹತ್ತನೆಯ ಗ್ರಹ, ನಾಯಕನಾಗಿ ಅವರ ಕಡೆಯ ಕಥೆಯಾಯಿತು. ಅದರ ಮೂರನೆಯ ಸಂಚಿಕೆಗೂ ಅಸ್ವಸ್ಥತೆಯಿಂದ ಅವರು ಬರಲಾಗದೆ, ಅವರ ಮಾತುಗಳನ್ನು ಇತರರಿಗೆ ಹಂಚಬೇಕಾಯಿತು.

ಕಥೆ ನಡೆಯುವುದು ಹಿಮಾವೃತ ದಕ್ಷಿಣಧ್ರುವದಲ್ಲಿ. ಮೊಂಡಾಸ್ ಎಂಬ ಗ್ರಹದಿಂದ ಸೈಬರ್‌ಮನ್ನರು ಬಂದಿಳಿಯುತ್ತಾರೆ. ಒಂದು ಕಾಲಕ್ಕೆ ಅವರೂ ನಮ್ಮಂತೆ ಮನುಷ್ಯರೇ. ಸಾವಿಗಂಜಿ ಒಂದೊಂದೇ ಅವಯವವನ್ನು ತೆಗೆದು ಕೃತಕ ಅಂಗಗಳನ್ನಿರಿಸಿಕೊಂಡರು. ಕೊನೆಗೆ ಅಳು ನಗುಗಳನ್ನೂ ದೌರ್ಬಲ್ಯವೆಂದು ಕಿತ್ತೆಸೆದರು. ಈ ಭೀತಿಯನ್ನು ಗೆರಿ ಡೇವಿಸರೊಡನೆ ಕಲ್ಪಿಸಿದ ಕಿಟ್ ಪೆಡ್ಲರ್ ಸ್ವತಃ ವೈದ್ಯವಿಜ್ಞಾನಿ.

ಅಕ್ಟೋಬರ್ 29ರ ಶನಿವಾರ ಸಂಜೆ. ಮೊಂಡಾಸ್ ನಾಶವಾಗಿದೆ, ಭೂಮಿ ಉಳಿದಿದೆ. ಬಳಲಿದ ವೃದ್ಧನು ತನ್ನ ಯಂತ್ರದೊಳಗೆ ಹೋಗಿ ಕುಸಿಯುತ್ತಾನೆ. ಕಣ್ಣು ಕುಕ್ಕುವ ಬೆಳಕಿನಲ್ಲಿ ಆ ಮುಖ ಕರಗಿ, ಮತ್ತೊಬ್ಬ ನಟ ಪ್ಯಾಟ್ರಿಕ್ ಟ್ರೌಟನ್‌ರ ಮುಖ ಮೂಡುತ್ತದೆ! ವೇಷ ಅದೇ ಅಲ್ಲ, ಸ್ವಭಾವವೂ ಅದೇ ಅಲ್ಲ. ಆದರೂ ಅವನೇ ಇವನು. ಬದಲಾಗಲೊಲ್ಲದೆ ಲೋಹವಾದವರು ಅಳಿದರು. ಬದಲಾಗಲು ಒಪ್ಪಿದವನು ಉಳಿದನು. ಈ ಉಪಾಯದಿಂದಲೇ ಧಾರಾವಾಹಿ 1989ರವರೆಗೆ ಬಾಳಿತು. 2005ರಲ್ಲಿ ಮರುಹುಟ್ಟನ್ನೂ ಪಡೆಯಿತು.

ಇನ್ನು ವಿಧಿಯ ವಿನೋದವನ್ನು ಕೇಳಿರಿ. ಆ ದಿನಗಳಲ್ಲಿ ಟೇಪು ದುಬಾರಿ. ಹಳೆಯ ಕಾರ್ಯಕ್ರಮವನ್ನು ಅಳಿಸಿ ಹೊಸದನ್ನು ಮುದ್ರಿಸುವುದು ವಾಡಿಕೆ. ಕಾಲವನ್ನು ಗೆದ್ದವನ ಈ ನಾಲ್ಕನೆಯ ಸಂಚಿಕೆಯ ಮೂಲ ಪ್ರತಿಯೇ ಕಾಲಗರ್ಭದಲ್ಲಿ ಮರೆಯಾಯಿತು. ಮುಖ ಬದಲಾದ ಆ ಕೆಲವು ಕ್ಷಣಗಳು ಮಾತ್ರ ಉಳಿದವು. 1973ರಲ್ಲಿ ಮಕ್ಕಳ ಕಾರ್ಯಕ್ರಮವೊಂದರಲ್ಲಿ ಅವನ್ನು ತೋರಿಸಿದ್ದರಿಂದ ಬದುಕಿಕೊಂಡವು. ಧ್ವನಿಯನ್ನು ಕಾಪಾಡಿದವರು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಮುದ್ರಿಸಿಕೊಂಡ ಅಭಿಮಾನಿಗಳು. ಆ ಧ್ವನಿಗೆ ಚಲಿಸುವ ಚಿತ್ರಗಳನ್ನು ಜೋಡಿಸಿ 2013ರಲ್ಲಿ ಸಂಚಿಕೆಗೆ ಮತ್ತೆ ರೂಪ ಕೊಡಲಾಯಿತು.

ಹಾರ್ಟ್‌ನೆಲ್ 1975ರಲ್ಲಿ ತೀರಿಕೊಂಡರು. ಸಂಸ್ಥೆ ಅಳಿಸಿದ್ದನ್ನು ಪ್ರೇಕ್ಷಕರ ಪ್ರೀತಿ ಉಳಿಸಿಕೊಂಡಿತು. ನಟನಿಗೆ ಇದಕ್ಕಿಂತ ಹಿರಿದಾದ ಮರುಜನ್ಮ ಯಾವುದಿದ್ದೀತು?