ಅಂಗಡಿ ಮುಚ್ಚಿದ ಜಿಲ್ಲೆ: ಅಮೇರಿಕದ ಒಂದು ಅನ್ನದ ಪ್ರಶ್ನೆ

ಧಾನ್ಯದ ಕಣಜವೆಂದು ಜಗತ್ತೇ ಹೊಗಳುವ ಅಮೇರಿಕದಲ್ಲಿ, ಕೈಯಲ್ಲಿ ಹಣವಿದ್ದೂ ಹಸಿ ಕಾಯಿಪಲ್ಲೆ ಕೊಳ್ಳಲು ಹತ್ತಿರದಲ್ಲೊಂದು ಅಂಗಡಿ ಸಿಗದ ಊರುಗಳು ಅನೇಕ ಇರುವವೆಂದರೆ ನಮ್ಮ ವಾಚಕರಲ್ಲಿ ಕೆಲವರಾದರೂ ಆಶ್ಚರ್ಯಪಡದೆ ಇರಲಾರರು. ಮಳೆ ಕೈಕೊಟ್ಟು ಬೆಳೆ ಒಣಗಿದರೆ ಬರ ಬರುವದೆಂಬುದನ್ನು ನಮ್ಮ ರೈತನು ಬಲ್ಲನು. ಆದರೆ ಬೆಳೆ ಸಮೃದ್ಧವಾಗಿದ್ದು, ಗೋದಾಮುಗಳು ತುಂಬಿದ್ದು, ರಸ್ತೆಗಳ ಮೇಲೆ ಲಾರಿಗಳು ಹಗಲಿರುಳು ಓಡುತ್ತಿದ್ದರೂ ಒಂದು ಪ್ರದೇಶದ ಬಾಗಿಲಿಗೆ ಆಹಾರವು ಮುಟ್ಟದಿರುವದು ಬೇರೊಂದು ಬಗೆಯ ಬರವು. ಇಂಥ ಪ್ರದೇಶಗಳಿಗೆ ಅಲ್ಲಿಯವರು “ಅನ್ನದ ಮರುಭೂಮಿ” ಎಂಬ ಅರ್ಥದ ಹೆಸರಿಟ್ಟಿರುವರು.

ಈ ಹೆಸರು ಹುಟ್ಟಿದ್ದು ಅಮೇರಿಕದಲ್ಲಲ್ಲ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ. ಅಮೇರಿಕದ ಶಾಸನಸಭೆಯು 2008ರ ಕೃಷಿ ಕಾನೂನಿನಲ್ಲಿ ಈ ವಿಷಯದ ಅಭ್ಯಾಸಕ್ಕೆ ಆಜ್ಞೆ ಮಾಡಿತು; 2009ರಲ್ಲಿ ಅಲ್ಲಿಯ ಕೃಷಿ ಖಾತೆಯ ವರದಿಯು ಹೊರಬಿತ್ತು. ಬಡತನ ಹೆಚ್ಚಾಗಿರುವ ಒಂದು ವಿಭಾಗದಲ್ಲಿ ಕನಿಷ್ಠ 500 ಜನರು, ಇಲ್ಲವೆ ನೂರಕ್ಕೆ 33 ಜನರು, ಪಟ್ಟಣವಾದರೆ ಒಂದು ಮೈಲಿಗಿಂತ, ಹಳ್ಳಿಗಾಡಾದರೆ ಹತ್ತು ಮೈಲಿಗಿಂತ ಹೆಚ್ಚು ದೂರದಲ್ಲಿ ದೊಡ್ಡ ಕಿರಾಣಿ ಅಂಗಡಿಯುಳ್ಳವರಾಗಿದ್ದರೆ ಅದನ್ನು ಈ ವರ್ಗಕ್ಕೆ ಸೇರಿಸುವದು ಸಾಮಾನ್ಯ ಪದ್ಧತಿ. ಒಂದು ಮೈಲು ನಡೆಯುವದೇನು ದೊಡ್ಡ ಮಾತು ಎಂದು ನಮ್ಮ ಹಳ್ಳಿಯವರು ಕೇಳಬಹುದು. ಆದರೆ ಅಲ್ಲಿ ಊರೂರಿಗೆ ವಾರದ ಸಂತೆಯಿಲ್ಲ, ಓಣಿಯ ಮೂಲೆಯಲ್ಲಿ ಕಾಯಿಪಲ್ಲೆಯ ಬುಟ್ಟಿಯಿಲ್ಲ. ಅನೇಕ ಕಡೆ ಬಸ್ಸೂ ಇಲ್ಲ. ಮೋಟಾರಿಲ್ಲದ ಮುದುಕಿಗೆ ಹತ್ತು ಮೈಲು ಎಂದರೆ ನೂರು ಮೈಲಿಗೆ ಸಮ.

ಕಲ್ಲಿದ್ದಲಿನ ನಾಡು

ಪಶ್ಚಿಮ ವರ್ಜೀನಿಯಾ ಸಂಸ್ಥಾನದ ದಕ್ಷಿಣ ತುದಿಯಲ್ಲಿರುವ ಮ್ಯಾಕ್‌ಡೊವೆಲ್ ಎಂಬ ಜಿಲ್ಲೆಯ ಚರಿತ್ರೆಯನ್ನು ನೋಡಿದರೆ ಈ ಮರುಭೂಮಿಯು ಹೇಗೆ ಉಂಟಾಗುವದೆಂಬುದು ಸ್ಪಷ್ಟವಾಗುವದು. ಕಡಿದಾದ ಬೆಟ್ಟ, ಇಕ್ಕಟ್ಟಾದ ಕಣಿವೆ, ನೆಲದೊಳಗೆ ಶ್ರೇಷ್ಠ ಜಾತಿಯ ಕಲ್ಲಿದ್ದಲು—ಇದೇ ಆ ಜಿಲ್ಲೆ. ದೇಶದ ಉಕ್ಕಿನ ಕುಲುಮೆಗಳನ್ನು ಉರಿಸಿದ್ದು ಇಲ್ಲಿಯ ಇದ್ದಲು. ಅಗೆಯುವವರ ಮನೆಯೂ ಕಂಪನಿಯದು, ಅಂಗಡಿಯೂ ಕಂಪನಿಯದು. ಅನೇಕ ಗಣಿಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಕೂಲಿಯ ಒಂದು ಪಾಲನ್ನು ಸರಕಾರದ ನಾಣ್ಯದಲ್ಲಿ ಕೊಡದೆ ಕಂಪನಿಯ ಬಿಲ್ಲೆಗಳಲ್ಲಿ ಕೊಡುತ್ತಿದ್ದರು; ಆ ಬಿಲ್ಲೆಗಳು ಕಂಪನಿಯ ಅಂಗಡಿಯ ಹೊರತು ಬೇರೆಲ್ಲಿಯೂ ಪೂರ್ಣ ಬೆಲೆಗೆ ನಡೆಯುತ್ತಿರಲಿಲ್ಲ. ಬಲಗೈಯಿಂದ ಕೊಟ್ಟ ಕೂಲಿಯನ್ನು ಎಡಗೈಯಿಂದ ಮರಳಿ ಪಡೆಯುವ ಈ ವ್ಯವಸ್ಥೆಯಲ್ಲಿ ಸ್ವತಂತ್ರ ವ್ಯಾಪಾರಿಗೆ ಬೇರೂರಲು ಎಡೆ ಕಡಿಮೆಯೇ ಇತ್ತು.

1950ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆಯು 98,887. ಅನಂತರ ಗಣಿಗಳಿಗೆ ಯಂತ್ರಗಳು ಬಂದವು. ನೂರು ಜನರ ಕೆಲಸವನ್ನು ಹತ್ತು ಜನರು ಮಾಡಹತ್ತಿದರು. 1980ರ ದಶಕದಲ್ಲಿ ಉಕ್ಕಿನ ದೊಡ್ಡ ಕಂಪನಿಯು ಗ್ಯಾರಿ ಎಂಬಲ್ಲಿಯ ತನ್ನ ಗಣಿಗಳನ್ನು ಮುಚ್ಚಿತು. 2020ರ ಗಣತಿಯ ಹೊತ್ತಿಗೆ ಉಳಿದವರು 19,111 ಜನ. ಐದರಲ್ಲಿ ನಾಲ್ಕು ಪಾಲು ಜನರು ಕರಗಿಹೋದ ಊರುಗಳಲ್ಲಿ ಅಂಗಡಿಕಾರನು ಯಾರಿಗೆ ಮಾರಬೇಕು?

ಚೀಟಿ ಹುಟ್ಟಿದ ನೆಲ

ಈ ಜಿಲ್ಲೆಗೆ ಇನ್ನೊಂದು ಪ್ರಸಿದ್ಧಿಯುಂಟು. 1960ರ ಚುನಾವಣೆಯ ಸಂಚಾರದಲ್ಲಿ ಜಾನ್ ಕೆನಡಿಯವರು ಪಶ್ಚಿಮ ವರ್ಜೀನಿಯಾದ ಗಣಿಗಾರರ ಬಡತನವನ್ನು ಕಣ್ಣಾರೆ ಕಂಡರು. ಅಧ್ಯಕ್ಷರಾದ ಮೇಲೆ ಅವರು ಆರಂಭಿಸಿದ ಆಹಾರ ಚೀಟಿಯ ಪ್ರಯೋಗದಲ್ಲಿ ಮೊಟ್ಟಮೊದಲ ಚೀಟಿಗಳು ಕೈಗೆ ಬಂದದ್ದು 1961ನೆಯ ಮೇ 29ರಂದು, ಇದೇ ಜಿಲ್ಲೆಯ 15 ಜನರಿದ್ದ ಒಂದು ಕುಟುಂಬಕ್ಕೆ. ಅವರು ಜಿಲ್ಲೆಯ ಮುಖ್ಯಪಟ್ಟಣವಾದ ವೆಲ್ಚ್‌ನ ಕಿರಾಣಿ ಅಂಗಡಿಯೊಂದರಲ್ಲಿ ಚೀಟಿಯನ್ನು ಕೊಟ್ಟು ಸಾಮಾನು ಕೊಂಡರು. 1964ರಲ್ಲಿ ಅದು ಕಾನೂನಾಯಿತು. ಈಗ ಚೀಟಿಯ ಬದಲು ಕಾರ್ಡು ಬಂದಿದೆ. 2024ರಲ್ಲಿ ತಿಂಗಳಿಗೆ ಸರಾಸರಿ 4 ಕೋಟಿಗೂ ಮೀರಿದ ಅಮೇರಿಕನರು ಈ ನೆರವನ್ನು ಪಡೆದರು.

ಚೀಟಿಯ ತತ್ವವು ಇಷ್ಟೇ: ಸರಕಾರವು ಬಡವನಿಗೆ ಕೊಳ್ಳುವ ಶಕ್ತಿಯನ್ನು ಕೊಡುವದು; ಸರಕನ್ನು ತಂದಿಡುವ ಹೊಣೆ ವ್ಯಾಪಾರಿಯದು. ಇದರಲ್ಲಿ ಬಡವನ ಮಾನವೂ ಉಳಿಯುವದು, ವ್ಯಾಪಾರವೂ ಬೆಳೆಯುವದು. ಆದರೆ ವ್ಯಾಪಾರಿಯೇ ಊರು ಬಿಟ್ಟು ಹೋದರೆ? ಈ ಪ್ರಶ್ನೆಗೆ ಆ ಕಾನೂನಿನಲ್ಲಿ ಉತ್ತರವಿರಲಿಲ್ಲ.

2005ರಲ್ಲಿ ಕಿಂಬಲ್ ಎಂಬ ಚಿಕ್ಕ ಊರಿಗೆ ವಾಲ್‌ಮಾರ್ಟ್ ಕಂಪನಿಯ ದೊಡ್ಡ ಮಳಿಗೆಯು ಬಂದಿತು. ಒಂದೇ ಸೂರಿನಡಿ ಹಣ್ಣು, ಹಾಲು, ಮಾಂಸ, ಔಷಧ, ಅರಿವೆ ಎಲ್ಲವೂ ಅಗ್ಗವಾಗಿ ದೊರೆಯಹತ್ತಿದವು. ನೂರಾರು ಜನರಿಗೆ ನೌಕರಿಯೂ ಆಯಿತು. 2016ರ ಜನವರಿಯಲ್ಲಿ ಅದೇ ಕಂಪನಿಯು ಜಗತ್ತಿನಲ್ಲಿ 269, ಅವುಗಳಲ್ಲಿ ಅಮೇರಿಕದಲ್ಲಿಯೇ 154, ಮಳಿಗೆಗಳನ್ನು ಮುಚ್ಚುವದಾಗಿ ಸಾರಿತು. ಕಿಂಬಲ್ಲಿನದೂ ಆ ಪಟ್ಟಿಯಲ್ಲಿತ್ತು. ಕೆಲವು ವಾರಗಳೊಳಗೆ ಬಾಗಿಲು ಬಿತ್ತು. ಒಂದೆರಡು ಸಣ್ಣ ಅಂಗಡಿಗಳು ಉಳಿದುವಾದರೂ, ಬಗೆಬಗೆಯ ತಾಜಾ ಸರಕಿಗಾಗಿ ಅಂಕುಡೊಂಕಾದ ಬೆಟ್ಟದ ದಾರಿಯಲ್ಲಿ ನೆರೆಯ ಜಿಲ್ಲೆಗೆ ಹೋಗಬೇಕಾಯಿತು. ಚೀಟಿಯು ಹುಟ್ಟಿದ ನೆಲದಲ್ಲಿಯೇ ಚೀಟಿಗೆ ಅಂಗಡಿಯ ಕೊರತೆಯಾಯಿತು!

ಈ ಜಿಲ್ಲೆಯ ಗಂಡಸರ ಸರಾಸರಿ ಆಯುಸ್ಸು 64 ವರ್ಷವೆಂದೂ, ಕೇವಲ 350 ಮೈಲು ದೂರದಲ್ಲಿರುವ ಫೇರ್‌ಫ್ಯಾಕ್ಸ್ ಎಂಬ ಶ್ರೀಮಂತ ಜಿಲ್ಲೆಯವರದು 82 ವರ್ಷವೆಂದೂ 2014ರಲ್ಲಿ ಪ್ರಕಟವಾದ ಲೆಕ್ಕವು ತೋರಿಸಿತು. ಗಣಿಯ ಧೂಳು, ತಂಬಾಕು, ಅಮಲಿನ ಔಷಧಗಳು, ನಿರುದ್ಯೋಗ—ಇವೆಲ್ಲವೂ ಇದಕ್ಕೆ ಕಾರಣ. ದೋಷವನ್ನೆಲ್ಲ ಅಂಗಡಿಯ ಅಭಾವದ ಮೇಲೆ ಹೊರಿಸುವದು ನ್ಯಾಯವಲ್ಲ. ಅದರ ಪಾಲೇ ಇಲ್ಲವೆನ್ನುವದೂ ಸತ್ಯವಲ್ಲ.

ಕಾರಣವೇನು?

ಪಂಡಿತರಲ್ಲಿ ಇದರ ವಿಷಯವಾಗಿ ಎರಡು ಪಕ್ಷಗಳಿವೆ. 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಒಂದು ಅಭ್ಯಾಸವು, ಶ್ರೀಮಂತರ ಮತ್ತು ಬಡವರ ಊಟದ ಗುಣದಲ್ಲಿರುವ ಅಂತರದಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಅಂಗಡಿಗಳ ದೂರ ಹಾಗೂ ಬೆಲೆಗಳಿಂದ ಉಂಟಾದದ್ದೆಂದು ಹೇಳಿತು; ಉಳಿದುದು ಜನರ ಬೇಡಿಕೆಯಿಂದ ಆದದ್ದು. ಹೊಸ ಮಳಿಗೆ ತೆರೆದಲ್ಲಿಯೂ ಜನರ ಆಹಾರವು ಬಹಳ ಬದಲಾಗಲಿಲ್ಲವೆಂದು ಅವರು ಕಂಡರು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ರುಚಿಯು ಒಂದು ದಿನದಲ್ಲಿ ಹುಟ್ಟುವಂಥದಲ್ಲ. ತಲೆಮಾರುಗಟ್ಟಲೆ ಡಬ್ಬಿಯ ಆಹಾರವನ್ನೇ ಕಂಡ ಮನೆಯಲ್ಲಿ ಸೊಪ್ಪಿನ ಅಡಿಗೆ ಮರೆತುಹೋಗುವದು ಸಹಜ. ಅಂಗಡಿ ಇದ್ದ ಮಾತ್ರಕ್ಕೆ ಒಳ್ಳೆಯ ಊಟವು ಬರಲಾರದು. ಅಂಗಡಿಯೇ ಇಲ್ಲದಿದ್ದರಂತೂ ಅದು ಬರುವ ದಾರಿಯೇ ಇಲ್ಲ.

ಎರಡನೆಯ ಪಕ್ಷದವರು ಬೆರಳು ತೋರಿಸುವದು ವ್ಯಾಪಾರದ ನೀತಿಯ ಕಡೆಗೆ. 1936ರಲ್ಲಿ ಅಮೇರಿಕದ ಶಾಸನಸಭೆಯು ರಾಬಿನ್ಸನ್–ಪ್ಯಾಟ್‌ಮನ್ ಕಾನೂನನ್ನು ಮಾಡಿತು. ಒಂದೇ ಸರಕನ್ನು ದೊಡ್ಡ ಮಳಿಗೆಗೆ ಒಂದು ಬೆಲೆಗೂ ಸಣ್ಣ ಅಂಗಡಿಗೆ ಹೆಚ್ಚಿನ ಬೆಲೆಗೂ ಮಾರಿ ಪೈಪೋಟಿಯನ್ನು ಕೊಲ್ಲಕೂಡದೆಂಬುದು ಅದರ ತಿರುಳು. 1980ರ ದಶಕದಿಂದ ಈ ಕಾನೂನು ಪುಸ್ತಕದಲ್ಲಿ ಉಳಿದು ಬಳಕೆಯಿಂದ ಅಳಿಯಿತು. ಅಂದಿನಿಂದಲೇ ಸಣ್ಣ ಕಿರಾಣಿಗಾರನ ಅವನತಿಯು ತೀವ್ರವಾಯಿತೆಂದು ಇವರು ವಾದಿಸುವರು. 2025ರ ಜನವರಿಯಲ್ಲಿ ಸರಕಾರವು ಈ ಕಾನೂನಿನ ಮೇಲೆ ಪೆಪ್ಸಿಕೋ ಕಂಪನಿಯ ವಿರುದ್ಧ ದಾವೆ ಹೂಡಿ, ಅದೇ ವರ್ಷದ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಕಾಯದೆಯ ಬಲವು ಅದನ್ನು ನಡೆಸುವವರ ಸಂಕಲ್ಪದಲ್ಲಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಊರೇ ನಡೆಸುವ ಅಂಗಡಿ

ಕೆಲವು ಊರುಗಳು ಕೈಕಟ್ಟಿ ಕುಳಿತಿಲ್ಲ. ಕ್ಯಾನ್ಸಸ್ ಸಂಸ್ಥಾನದ ಸೇಂಟ್ ಪಾಲ್ ಎಂಬ ಸುಮಾರು 600 ಜನರ ಊರಿನಲ್ಲಿ 1985ರಲ್ಲಿ ಕಿರಾಣಿ ಅಂಗಡಿಯು ಮುಚ್ಚಿತ್ತು. ಎರಡು ದಶಕಗಳ ನಂತರ, 2008ರಲ್ಲಿ, ಊರವರು ಮುಂದಾಗಿ ಹೊಸ ಅಂಗಡಿಯನ್ನು ತೆರೆಯಿಸಿದರು. 2013ರಲ್ಲಿ ನಗರಸಭೆಯೇ ಅದನ್ನು ಕೈಗೆ ತೆಗೆದುಕೊಂಡಿತು. ಫ್ಲೋರಿಡಾದ ಬಾಲ್ಡ್ವಿನ್ ಎಂಬ ಊರು 2019ರಲ್ಲಿ ಇದೇ ಸಾಹಸವನ್ನು ಮಾಡಿತಾದರೂ 2024ರಲ್ಲಿ ಅಂಗಡಿಯನ್ನು ಮುಚ್ಚಬೇಕಾಯಿತು. ಕಿರಾಣಿ ವ್ಯಾಪಾರದಲ್ಲಿ ಲಾಭದ ಅಂಚು ಬಹಳ ತೆಳುವಾದದ್ದು. ಸಗಟು ವ್ಯಾಪಾರಿಯು ದೂರದ ಸಣ್ಣ ಅಂಗಡಿಗೆ ಲಾರಿ ಕಳಿಸಲು ಹಿಂದೆಗೆಯುವನು. ಜನರೂ ಹಾಲು ಬ್ರೆಡ್ಡನ್ನು ಊರಲ್ಲಿ ಕೊಂಡು, ತಿಂಗಳ ಸಾಮಾನಿಗೆ ದೂರದ ಅಗ್ಗದ ಮಳಿಗೆಗೆ ಹೋಗುವರು. ಊರ ಅಂಗಡಿಯನ್ನು ಊರವರೇ ಕೈಬಿಟ್ಟರೆ ನಗರಸಭೆಯಾದರೂ ಎಷ್ಟು ದಿನ ಹೊತ್ತೀತು?

ನಮ್ಮ ದೇಶವು ಹಿಡಿದ ದಾರಿ ಬೇರೆ. ಇಲ್ಲಿ ಚೀಟಿಯ ಜತೆಗೇ ಅಂಗಡಿಯನ್ನೂ ನಿರ್ಮಿಸಲಾಯಿತು. ದೇಶದಲ್ಲಿರುವ ನ್ಯಾಯಬೆಲೆ ಅಂಗಡಿಗಳು 5 ಲಕ್ಷಕ್ಕೂ ಹೆಚ್ಚು. ಅವುಗಳ ತೂಕ, ಕಾಳಿನ ಗುಣ, ಸಾಲಿನ ಕಷ್ಟಗಳ ಕುರಿತು ಜನರ ದೂರುಗಳು ಉಂಟು. ಅಲ್ಲಿ ಕಾಯಿಪಲ್ಲೆಯೂ ದೊರೆಯುವದಿಲ್ಲ. ಆದರೂ ಲಾಭವಿಲ್ಲವೆಂಬ ಒಂದೇ ಕಾರಣಕ್ಕೆ ಅವು ಊರು ಬಿಟ್ಟು ಹೋಗುವದಿಲ್ಲ. ಕರ್ನಾಟಕದಲ್ಲಿ 2023ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚಿನ 5 ಕಿಲೋ ಅಕ್ಕಿಯು ದೊರೆಯದಾದಾಗ ಸರಕಾರವು ಕಿಲೋಗೆ 34 ರೂಪಾಯಿಯಂತೆ ಹಣವನ್ನು ಕೊಟ್ಟಿತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ನಿಶ್ಚಯಿಸಿತು. ಹಣವೋ ಧಾನ್ಯವೋ ಎಂಬ ವಾದವು ಇಲ್ಲಿಯೂ ಮೇಲಿಂದ ಮೇಲೆ ಏಳುವದು. ಹಾಗೆ ಎದ್ದಾಗ ಮ್ಯಾಕ್‌ಡೊವೆಲ್ ಜಿಲ್ಲೆಯ ಅನುಭವವನ್ನು ಯೋಜಕರು ಲಕ್ಷ್ಯದಲ್ಲಿಡುವದು ಅವಶ್ಯ. ಹಣವು ಪೇಟೆಯಿದ್ದಲ್ಲಿ ಮಾತ್ರ ಅನ್ನವಾಗುವದು. ಪೇಟೆ ದೂರವಿರುವ ಕಾಡಂಚಿನ ಊರಿಗೂ ಬೆಟ್ಟದ ಹಾಡಿಗೂ ಹಣವನ್ನು ಮಂಜೂರು ಮಾಡುವ ಮೊದಲು, ಅಲ್ಲಿಂದ ಅಂಗಡಿಗೆ ಎಷ್ಟು ದೂರ, ಬಸ್ಸು ಉಂಟೇ, ಅಂಗಡಿಯಲ್ಲಿ ಏನು ಸಿಗುವದು ಎಂಬುದನ್ನು ಅಧಿಕಾರಿಗಳು ಸ್ವತಃ ಹೋಗಿ ನೋಡಿ ಬರೆದುಕೊಳ್ಳತಕ್ಕದ್ದು.