ಬಲ್ಬನ್ನು ಬಚ್ಚಿಟ್ಟ ಸುರುಳಿ

ಸೀಮೆಎಣ್ಣೆ ಬುಡ್ಡಿಯ ಉರಿಯನ್ನು ದಿಟ್ಟಿಸಿ ನೋಡುತ್ತ ಕೂರಬಹುದು. ಬರಿ ಬಲ್ಬನ್ನು ಹಾಗೆ ನೋಡಲಾಗದು. ಕಣ್ಣು ಕುಕ್ಕುತ್ತದೆ, ಮುಖ ಆಚೆ ತಿರುಗಿಸಿದ ಮೇಲೂ ಒಂದು ಕಲೆ ಕಣ್ಣೆದುರೇ ತೇಲುತ್ತಿರುತ್ತದೆ. ಬೆಳಕು ಎಷ್ಟಿದೆ ಎಂಬುದರ ಜೊತೆಗೆ ಅದು ಎಷ್ಟು ಚಿಕ್ಕ ಜಾಗದಿಂದ ಹೊಮ್ಮುತ್ತಿದೆ ಎಂಬುದೂ ಇದಕ್ಕೆ ಕಾರಣ. 1913ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಬಲ್ಬಿನೊಳಗೆ ಅನಿಲ ತುಂಬಿ, ಟಂಗ್‌ಸ್ಟನ್ ತಂತಿಯನ್ನು ಇನ್ನಷ್ಟು ಬಿಸಿಯಾಗಿ ಉರಿಸುವ ದಾರಿ ಕಂಡುಕೊಂಡರು. ಆ ತಂತಿಯ ಪ್ರಖರತೆ ಮೇಣದಬತ್ತಿಯ ಜ್ವಾಲೆಗಿಂತ ನೂರಾರು ಪಟ್ಟು ಹೆಚ್ಚು. ವಿದ್ಯುತ್ ಬಂದ ಮನೆಗಳಲ್ಲಿ ಬೆಳಕೇನೋ ಧಾರಾಳವಾಯಿತು, ಕಣ್ಣಿಗೆ ಹಿತವಾಗಲಿಲ್ಲ.

ಈ ತೊಂದರೆಯನ್ನು ಜ್ಯಾಮಿತಿಯ ಬಲದಿಂದ ಬಗೆಹರಿಸಿದ ದೀಪವೊಂದಿದೆ. ಡೆನ್ಮಾರ್ಕಿನ ಲೂಯಿ ಪೌಲ್ಸನ್ ಕಂಪನಿ ಆ ದೀಪವನ್ನೂ ಅದರ ಪೀಳಿಗೆಯನ್ನೂ ಸುಮಾರು ನೂರು ವರ್ಷಗಳಿಂದ ಮಾಡಿಕೊಂಡು ಬಂದಿದೆ.

ಕಂಪನಿ ಶುರುವಾದದ್ದು ದೀಪಕ್ಕಾಗಿ ಅಲ್ಲ, ದ್ರಾಕ್ಷಾರಸಕ್ಕಾಗಿ. 1874ರಲ್ಲಿ ಲುಡ್ವಿಗ್ ಪೌಲ್ಸನ್ ಎಂಬವರು ಕೋಪನ್‌ಹೇಗನ್ನಿನಲ್ಲಿ ವೈನ್ ಆಮದು ಮಾಡುವ ವ್ಯಾಪಾರ ತೆರೆದರು; ನಾಲ್ಕು ವರ್ಷಕ್ಕೆ ಅದು ಮುಚ್ಚಿತು. 1892ರಲ್ಲಿ ನಗರಕ್ಕೆ ವಿದ್ಯುತ್ ಸ್ಥಾವರ ಬಂದಾಗ ಅವರು ಉಪಕರಣ, ವಿದ್ಯುತ್ ಸಾಮಾನುಗಳ ಮಾರಾಟಕ್ಕೆ ಇಳಿದರು. 1896ರಲ್ಲಿ ಸೇರಿಕೊಂಡ ಅವರ ಸೋದರನ ಮಗ ಲೂಯಿ, 1906ರಲ್ಲಿ ಲುಡ್ವಿಗ್ ತೀರಿಕೊಂಡ ಮೇಲೆ ಮಾಲೀಕರಾದರು. 1911ರಲ್ಲಿ ಪಾಲುದಾರರಾಗಿ ಬಂದ ಸೋಫುಸ್ ಕೋಸ್ಟ್ರುಪ್-ಓಲ್ಸೆನ್, 1917ರಲ್ಲಿ 10,000 ಕ್ರೋನರ್ ಕೊಟ್ಟು ಇಡೀ ವ್ಯವಹಾರವನ್ನೇ ಕೊಂಡುಕೊಂಡರು. ಹೆಸರು ಮಾತ್ರ ಲೂಯಿಯದೇ ಉಳಿಯಿತು. ಅಲ್ಲಿಯವರೆಗಿನದು ಯಾವ ಊರಿನಲ್ಲಾದರೂ ಇರಬಹುದಾದ ಎಲೆಕ್ಟ್ರಿಕಲ್ ಅಂಗಡಿಯ ಕಥೆ. ಅದನ್ನು ಬದಲಿಸಿದವರು ಪೌಲ್ ಹೆನ್ನಿಂಗ್ಸನ್.

1894ರಲ್ಲಿ ಹುಟ್ಟಿದ ಹೆನ್ನಿಂಗ್ಸನ್ ವಾಸ್ತುಶಿಲ್ಪಿ, ಪತ್ರಕರ್ತ, ನಿಷ್ಠುರ ವಿಮರ್ಶಕ. ಎಣ್ಣೆ ದೀಪದ ಬೆಳಕಿನಲ್ಲಿ ಬೆಳೆದವರು. ವಿದ್ಯುತ್ತಿನ ಅನುಕೂಲವೂ ಬೇಕು, ಎಣ್ಣೆ ದೀಪದ ಹಿತವೂ ಬೇಕು ಎಂಬುದು ಅವರ ಹಟ. 1925ರ ಪ್ಯಾರಿಸ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕಾಗಿ ಅವರು ರೂಪಿಸಿದ ದೀಪಗಳನ್ನು ಲೂಯಿ ಪೌಲ್ಸನ್ ಕಂಪನಿ ತಯಾರಿಸಿತು. ಮರುವರ್ಷ ಕೋಪನ್‌ಹೇಗನ್ನಿನ ಫೋರಂ ಎಂಬ ದೊಡ್ಡ ಪ್ರದರ್ಶನ ಭವನಕ್ಕೆ ಬೆಳಕು ಕೊಡುವ ಕೆಲಸ ಇಬ್ಬರಿಗೂ ಸಿಕ್ಕಿತು. ಅದಕ್ಕಾಗಿ ಹೊಮ್ಮಿದ್ದೇ ಹೆನ್ನಿಂಗ್ಸನ್ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಮೂರು ಶೇಡುಗಳ ಪಿ.ಎಚ್. ದೀಪ: ಮೇಲೊಂದು ದೊಡ್ಡದು, ಅದರ ಸುಮಾರು ಅರ್ಧದ ಅಗಲದ್ದು ನಡುವೆ, ಅದರರ್ಧದ್ದು ಕೆಳಗೆ.

ಈ ದೀಪದ ಜೀವಾಳವಿರುವುದು ಶೇಡುಗಳ ಬಾಗಿನಲ್ಲಿ. ಬಲ್ಬಿನ ಮೇಲೆ ಗೋಳಾಕಾರದ ಬೋಗುಣಿ ಕವುಚಿ, ತಂತಿ ಅದರ ಕೇಂದ್ರದಲ್ಲೇ ಇದ್ದರೆ, ಕಿರಣಗಳು ಒಳಮೈಗೆ ನೆಟ್ಟಗೆ ಬಡಿದು ಬಲ್ಬಿನ ಕಡೆಗೇ ವಾಪಸಾಗುತ್ತವೆ. ಶಂಕುವಿನಾಕಾರದ ಶೇಡಾದರೆ ಕಿರಣ ಬೀಳುವ ಕೋನ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಒಂದೆಡೆ ಝಗ್ಗನೆ ಹೊಳಪು, ಇನ್ನೊಂದೆಡೆ ಮಂಕು. ಹೆನ್ನಿಂಗ್ಸನ್ ಆರಿಸಿಕೊಂಡದ್ದು ಲಾಗರಿದಮಿಕ್ ಸುರುಳಿಯನ್ನು, ಅಂದರೆ ಬಸವನಹುಳುವಿನ ಚಿಪ್ಪಿನಂತೆ ಹೊರಹೊರಗೆ ಹೋದ ಹಾಗೆ ಸುತ್ತುಗಳ ನಡುವಿನ ಅಂತರವೂ ಹಿಗ್ಗುತ್ತ ಹೋಗುವ ಗೆರೆಯನ್ನು. ಅದಕ್ಕೊಂದು ಅಪರೂಪದ ಗುಣವಿದೆ: ನಡುಬಿಂದುವಿನಿಂದ ಎಳೆದ ಪ್ರತಿ ಗೆರೆಯೂ ಸುರುಳಿಯನ್ನು ಒಂದೇ ಕೋನದಲ್ಲಿ ಮುಟ್ಟುತ್ತದೆ. ಬಲ್ಬಿನ ಉರಿಯುವ ತಂತಿಯನ್ನು ಆ ನಡುಬಿಂದುವಿನಲ್ಲಿಟ್ಟರೆ ಮುಗಿಯಿತು. ಶೇಡಿನ ಒಳಮೈಯ ಯಾವ ಜಾಗಕ್ಕೇ ಬೀಳಲಿ, ಕಿರಣ ಬೀಳುವ ಕೋನ ಒಂದೇ. ಪಿ.ಎಚ್. ದೀಪದಲ್ಲಿ ಅದು 37 ಡಿಗ್ರಿ. ಹೊಳಪು ಒಂದೆಡೆ ಗುಡ್ಡೆಯಾಗದೆ ನಯವಾಗಿ ಹರಡಿಕೊಳ್ಳುತ್ತದೆ. ಮೂರು ಶೇಡುಗಳ ಅಂಚುಗಳನ್ನು ಒಂದು ಇನ್ನೊಂದರ ಸಂದಿಯನ್ನು ಮರೆಮಾಡುವ ಹಾಗೆ ಇಟ್ಟಿರುವುದರಿಂದ ಬಲ್ಬು ಕಣ್ಣಿಗೆ ಬೀಳುವುದಿಲ್ಲ; ಮೇಜಿಗೆ, ಗೋಡೆಗೆ, ಮುಖಗಳಿಗೆ ತಲುಪುವುದು ಶೇಡಿನಿಂದ ಪ್ರತಿಫಲಿಸಿ ಬಂದ ಮೃದುವಾದ ಬೆಳಕು.

ಇದೇ ಸುರುಳಿಗೆ ಮನಸೋತ ಇನ್ನೊಬ್ಬರಿದ್ದರು, ಸ್ವಿಸ್ ಗಣಿತಜ್ಞ ಯಾಕೋಬ್ ಬೆರ್ನೂಲಿ. ತಮ್ಮ ಸಮಾಧಿಯ ಕಲ್ಲಿನ ಮೇಲೆ ಅದನ್ನು ಕೆತ್ತಬೇಕೆಂದು ಬಯಸಿದ್ದರು. 1705ರಲ್ಲಿ ಅವರು ತೀರಿಕೊಂಡಾಗ ಕಲ್ಲುಕುಟಿಗ ಕೆತ್ತಿದ್ದು ಸುತ್ತುಗಳ ಅಂತರ ಒಂದೇ ಸಮನಾಗಿರುವ ಆರ್ಕಿಮಿಡೀಸ್ ಸುರುಳಿಯನ್ನು. ಬಾಸೆಲ್ ನಗರದ ಚರ್ಚಿನಲ್ಲಿ ಅದು ಇಂದಿಗೂ ಇದೆ. ಎರಡು ಸುರುಳಿಗಳು ನೋಟಕ್ಕೆ ಅಕ್ಕತಂಗಿಯರಂತಿದ್ದರೂ ಆರ್ಕಿಮಿಡೀಸನದನ್ನು ನೆಚ್ಚಿ ಶೇಡು ಮಾಡಿದ್ದರೆ ಕಿರಣದ ಕೋನ ಹೆಜ್ಜೆಹೆಜ್ಜೆಗೂ ಬದಲಾಗುತ್ತಿತ್ತು.

ಬಲ್ಬನ್ನು ಬಚ್ಚಿಡಲು ಇಷ್ಟು ಪಾಡೇಕೆ ಎಂದು ಕೇಳುವವರು ಕಣ್ಣಿನ ರಚನೆಯನ್ನು ನೆನೆಯಬೇಕು. ಪ್ರಖರ ಮೂಲದ ಬೆಳಕು ಕಣ್ಣಿನೊಳಗೆ ಹೋದಾಗ ಅದರಲ್ಲೊಂದು ಪಾಲು ಕಾರ್ನಿಯಾದಲ್ಲಿ, ಮಸೂರದಲ್ಲಿ ಚೆದುರಿ, ರೆಟಿನಾದ ಮೇಲೆ ತೆಳ್ಳನೆಯ ಬೆಳಕಿನ ಪರದೆ ಹರಡುತ್ತದೆ. ಅದರ ಹಿಂದೆ ಅಕ್ಷರ, ಮುಖ, ಮೆಟ್ಟಿಲಿನ ಅಂಚು ಎಲ್ಲವೂ ಮಸುಕಾಗುತ್ತವೆ. ವಯಸ್ಸಾದಂತೆ ಮಸೂರದ ತಿಳಿ ಕಡಿಮೆಯಾಗಿ ಈ ಚೆದುರುವಿಕೆ ಹೆಚ್ಚುತ್ತದೆ. ಮನೆಯ ಹಿರಿಯರು ಬಲ್ಬಿಗೆ ಕೈ ಅಡ್ಡ ಹಿಡಿದು ಎದುರಿಗಿರುವವರನ್ನು ನೋಡುವುದು ಇದಕ್ಕೇ.

ಇಂಥ ಶೇಡು ಮಾಡುವ ಕೈಕೆಲಸ ನನಗೆ ಗಣಿತದಷ್ಟೇ ಪ್ರಿಯ. ಗಾಜಿನ ಶೇಡುಗಳನ್ನು ಬಾಯಿಂದ ಊದಿಯೇ ಮಾಡುತ್ತಾರೆ. ಹಾಲುಬಿಳುಪಿನ ಗಾಜನ್ನು ತಿಳಿಗಾಜಿನ ಪದರಗಳ ನಡುವೆ ಸೇರಿಸಿ ಊದುವ ಮೂರು ಪದರದ ಗಾಜದು. ಮೇಲ್ಮೈ ನುಣ್ಣಗೆ ಹೊಳೆಯುತ್ತದೆ. ಕೆಳಮೈಗೆ ಮರಳು ಚಿಮ್ಮಿಸಿ ಹೊಳಪು ತೆಗೆದಿರುತ್ತಾರೆ, ಬಲ್ಬಿನ ಪ್ರತಿಬಿಂಬ ಅಲ್ಲಿ ಮೂಡಬಾರದೆಂದು. ಲೋಹದ ಶೇಡಿಗೆ ಬೇರೆ ವಿದ್ಯೆ. ಅಲ್ಯುಮಿನಿಯಂ ತಗಡಿನ ದುಂಡನೆಯ ಬಿಲ್ಲೆಯನ್ನು ಅಚ್ಚಿನ ಮುಂದೆ ಲೇತಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸುತ್ತಾರೆ. ಉಪಕರಣವನ್ನು ಅದಕ್ಕೆ ಒತ್ತುತ್ತ ಹೋದಂತೆ ಚಪ್ಪಟೆ ತಗಡು ಬಾಗಿ, ಅಚ್ಚಿನ ಮೈಗೆ ಅಂಟಿಕೊಂಡು ಶೇಡಾಗುತ್ತದೆ. ಒತ್ತುವ ಹದ ತಪ್ಪಿದರೆ ತಗಡು ಹರಿಯುತ್ತದೆ, ಇಲ್ಲವೇ ಸುಕ್ಕುಗಟ್ಟುತ್ತದೆ. ಕಾಗದದ ಮೇಲಿನ ಸಮೀಕರಣ ವಸ್ತುವಾಗುವುದು ಇಂಥ ಕೈಗಳಿಂದ. ಕಂಪನಿಯ ಕಾರ್ಖಾನೆ ಈಗಿರುವುದು ಜಟ್ಲೆಂಡಿನ ವೈಯೆನ್ ಎಂಬ ಊರಿನಲ್ಲಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಡೆನ್ಮಾರ್ಕನ್ನು ಹಿಡಿದಿದ್ದಾಗ, 1941ರಲ್ಲಿ, ಕೋಪನ್‌ಹೇಗನ್ನಿನ ಟಿವೊಲಿ ವಿಹಾರೋದ್ಯಾನಕ್ಕೆ ಹೆನ್ನಿಂಗ್ಸನ್ ಒಂದು ದೀಪ ಮಾಡಿಕೊಟ್ಟರು. ನೆಲಕ್ಕೆ ಬೆಳಕು ಬೀಳುತ್ತಿತ್ತು, ಆಕಾಶದಿಂದ ನೋಡುವ ವಿಮಾನಕ್ಕೆ ಕಾಣುತ್ತಿರಲಿಲ್ಲ. ಬಲ್ಬನ್ನು ಊಟದ ಮೇಜಿನಿಂದ ಮರೆಮಾಡಿದ್ದ ವಿದ್ಯೆ ರಾತ್ರಿ ಬೆಳಕು ಮೇಲಕ್ಕೆ ಕಾಣಬಾರದೆಂಬ ಯುದ್ಧಕಾಲದ ಕಟ್ಟಳೆಯ ನಡುವೆಯೂ ಉದ್ಯಾನದ ಬಾಗಿಲು ತೆರೆದಿಟ್ಟಿತು. 1943ರಲ್ಲಿ ಅವರೇ ವಾಸ್ತುಶಿಲ್ಪಿ ಆರ್ನೆ ಯಾಕೋಬ್‌ಸನ್ ಜೊತೆ ಹುಟ್ಟುದೋಣಿಯಲ್ಲಿ ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು.

1958ರಲ್ಲಿ ಅವರ ಎರಡು ಹೆಸರಾಂತ ದೀಪಗಳು ಬಂದವು. ಕೋಪನ್‌ಹೇಗನ್ನಿನ ಲಾಂಗೆಲಿನಿಯೆ ರೆಸ್ಟೋರೆಂಟಿಗಾಗಿ ಮಾಡಿದ ಆರ್ಟಿಚೋಕ್ ದೀಪದಲ್ಲಿ 12 ಸಾಲು, ಸಾಲಿಗೆ 6ರಂತೆ 72 ಲೋಹದ ಎಸಳುಗಳು. ಯಾವ ದಿಕ್ಕಿನಿಂದ ನೋಡಿದರೂ ಬಲ್ಬು ಕಾಣದು. ಇನ್ನೊಂದು, ಮನೆಮನೆಗೂ ಹೋದ ಪಿ.ಎಚ್. 5. ಇದರ ಹಿಂದೆ ಸಿಟ್ಟಿತ್ತು. ಬಲ್ಬ್ ತಯಾರಕರು ಮನಸ್ಸಿಗೆ ಬಂದಂತೆ ಬಲ್ಬಿನ ಅಳತೆ, ಆಕಾರ ಬದಲಿಸುತ್ತಿದ್ದರು. ತಂತಿ ನಡುಬಿಂದುವಿನಿಂದ ಸರಿದರೆ ಹಳೆಯ ಲೆಕ್ಕವೆಲ್ಲ ತಪ್ಪುತ್ತಿತ್ತು. ಹಾಗಾಗಿ ಯಾವ ಬಲ್ಬ್ ಹಾಕಿದರೂ ಕಣ್ಣು ಕುಕ್ಕದ ದೀಪವನ್ನೇ ಮಾಡಿದರು. ಅದರೊಳಗೆ ಕೆಂಪು, ನೀಲಿ ಬಳಿದ ಪುಟ್ಟ ಭಾಗಗಳಿವೆ. ನಮ್ಮ ಕಣ್ಣು ಹಳದಿ-ಹಸಿರಿಗೆ ಹೆಚ್ಚು ಚುರುಕು, ಕೆಂಪು ಮತ್ತು ನೀಲಿಗೆ ಮಂದ. ಆ ಎರಡನ್ನು ತುಸು ಸೇರಿಸಿದರೆ ಬೆಳಕಿನ ಕಟುತನ ಇಳಿಯುತ್ತದೆ ಎಂಬುದು ಅವರ ಎಣಿಕೆ. 1967ರಲ್ಲಿ ತೀರಿಕೊಳ್ಳುವವರೆಗೂ ಅವರು ಇದೇ ಕಂಪನಿಗೆ ದೀಪ ರೂಪಿಸಿದರು.

2009ರಿಂದ 2012ರ ನಡುವೆ ಐರೋಪ್ಯ ಒಕ್ಕೂಟ ತಂತಿಯ ಬಲ್ಬುಗಳನ್ನು ಹಂತಹಂತವಾಗಿ ಹಿಂತೆಗೆಸಿತು. ಈಗ ಎಲ್ಲೆಡೆ ಎಲ್‌ಇಡಿ. ವಿದ್ಯುತ್ ಉಳಿತಾಯದಲ್ಲಿ ಅದನ್ನು ಮೀರಿಸುವ ಬಲ್ಬಿಲ್ಲ, ಆದರೆ ಅದರ ಬೆಳಕೂ ಸಾಸಿವೆಯಷ್ಟು ಜಾಗದಿಂದಲೇ ಚಿಮ್ಮುವುದು. ಹೆನ್ನಿಂಗ್ಸನ್ ಎದುರಿಸಿದ ತೊಂದರೆ ಹಾಗೆಯೇ ಉಳಿದಿದೆ, ನಮ್ಮ ಮನೆಗಳಲ್ಲಿ ಬಹುಶಃ ಹೆಚ್ಚಿದೆ.

ಲೂಯಿ ಪೌಲ್ಸನ್ ದೀಪ ದುಬಾರಿ, ನಮ್ಮಲ್ಲಿ ಬಹುತೇಕರಿಗೆ ಎಟುಕದು. ಬಲ್ಬನ್ನು ಕಣ್ಣಿನಿಂದ ಮರೆಮಾಡುವುದು ಮಾತ್ರ ಎಲ್ಲರಿಗೂ ಸಾಧ್ಯ. ಮುಂದಿನ ಸಲ ದೀಪ ಕೊಳ್ಳಲು ಹೋದಾಗ ಎಷ್ಟು ವ್ಯಾಟ್ ಎಂದು ಕೇಳುವ ಮೊದಲು ಅದನ್ನು ನೇತುಹಾಕಿಸಿ, ಉರಿಸಿ, ಕುರ್ಚಿಯಲ್ಲಿ ಕೂತು ನೋಡಿ. ಬಲ್ಬು ಕಣ್ಣಿಗೆ ಬಿದ್ದರೆ ಅದನ್ನು ಕೊಳ್ಳಬೇಡಿ.